ಕಥೋಲಿಕ ವಿಶ್ವಾಸದ ಪ್ರಶ್ನೆಗಳಿಗೆ ಓದಿ ಉತ್ತರಿಸುವುದು: ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು?

ತೆನೆಹಬ್ಬ

ಧರ್ಮಕೇಂದ್ರದ ಯುವಜನರಿಗಾಗಿ ಹದಿನೈದು ದಿನಕ್ಕೊಮ್ಮೆ ಓದುಕೂಟ ಶುರುವಾಗಲಿದೆ. ಹತ್ತು ಹನ್ನೆರಡು ಮಂದಿ, ಎಲ್ಲರೂ ದೃಢೀಕರಣ ಸಂಸ್ಕಾರ ಪಡೆದವರು, ಹೆಚ್ಚಿನವರು ಕೆಲಸಕ್ಕೆ ಹೋಗುವವರು. ಅವರಿಗೆ ಎದುರಾಗುವ ಪ್ರಶ್ನೆಗಳು ನಿಮಗೆಲ್ಲ ಗೊತ್ತಿರುವವೇ. ಮರಿಯಮ್ಮನವರನ್ನು ಪೂಜಿಸುತ್ತೀರಲ್ಲ? ಗುರುಗಳ ಕಿವಿಯಲ್ಲಿ ಪಾಪ ಯಾಕೆ ಹೇಳಬೇಕು? ನಿಮ್ಮ ಬೈಬಲ್ಲಿನಲ್ಲಿ ಏಳು ಪುಸ್ತಕ ಯಾಕೆ ಹೆಚ್ಚು? ಜಗದ್ಗುರುಗಳು (ಪೋಪ್) ತಪ್ಪೇ ಮಾಡುವುದಿಲ್ಲವೇ? ಎಲ್ಲ ಧರ್ಮವೂ ಒಂದೇ ಅಲ್ಲವೇ? ಮೊದಲ ಮೂರು ಪೆಂತೆಕೋಸ್ತ್ ಸಭೆಯ ಗೆಳೆಯರಿಂದ ಬರುತ್ತವೆ, ಕೊನೆಯದು ಹಿಂದೂ ಸಹೋದ್ಯೋಗಿಗಳಿಂದ.

ವಾಟ್ಸಾಪಿನಲ್ಲಿ ಓಡಾಡುವ ‘ಹತ್ತು ಪ್ರಶ್ನೆಗೆ ಹತ್ತು ವಚನ’ ಥರದ ಪಟ್ಟಿ ಬೇಡ. ಏನು ಓದಬೇಕು, ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ.

ಓದುಪೀಠ

ತೆನೆಹಬ್ಬ ಅವರೇ, ಮೊದಲ ಆಧಾರ ಗ್ರಂಥ ‘ಕಥೋಲಿಕ ಧರ್ಮಸಭೆಯ ಧರ್ಮೋಪದೇಶ’ವೇ ಆಗಲಿ. ಜಗದ್ಗುರು ಎರಡನೇ ಜಾನ್ ಪೌಲರು 1992ರ ಅಕ್ಟೋಬರ್ 11ರಂದು ಅದನ್ನು ಪ್ರಕಟಿಸಿದರು. ಅಧಿಕೃತ ಲತೀನ್ ಪಾಠ ಬಂದದ್ದು 1997ರಲ್ಲಿ. ಒಟ್ಟು 2865 ಪರಿಚ್ಛೇದ, ನಾಲ್ಕು ಭಾಗ: ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ಕ್ರಿಸ್ತನಲ್ಲಿ ಬದುಕು, ಪ್ರಾರ್ಥನೆ. ಯಾವ ಭಾಷೆಯ ಪ್ರತಿ ಹಿಡಿದರೂ ಪರಿಚ್ಛೇದದ ಸಂಖ್ಯೆ ಒಂದೇ ಆದ್ದರಿಂದ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ತಮಿಳು ಪ್ರತಿ ತಂದರೂ ಕೂಟ ನಡೆಯುತ್ತದೆ. ಇಂಗ್ಲಿಷ್ ಪಾಠ ಪೂರ್ತಿಯಾಗಿ ವ್ಯಾಟಿಕನ್ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ.

ದಿನಕ್ಕೆ 8 ಪರಿಚ್ಛೇದ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಮನೆಯ ಓದಿಗೆ ಅದು ಸರಿ. ಕೂಟದಲ್ಲಿ ಮಾತ್ರ ಒಂದರಿಂದ ಶುರುಮಾಡಿ ಸಾಲಾಗಿ ಹೋಗಬೇಡಿ, ಐವತ್ತನೇ ಪರಿಚ್ಛೇದ ತಲುಪುವುದರೊಳಗೆ ಅರ್ಧ ಜನ ಇರುವುದಿಲ್ಲ. ಪ್ರಶ್ನೆ ಹಿಡಿದುಕೊಂಡು ಓದಿ. ನೀವು ಕೇಳಿದವುಗಳಿಗೆ ಹೊಂದುವ ಜಾಗಗಳು ಇವು: ಪವಿತ್ರ ಗ್ರಂಥ ಮತ್ತು ಪವಿತ್ರ ಪರಂಪರೆಗೆ 74ರಿಂದ 83, ಬೈಬಲ್ಲಿನ ಪುಸ್ತಕಗಳ ಪಟ್ಟಿಗೆ 120, ಜಗದ್ಗುರುಗಳ ಅಧಿಕಾರಕ್ಕೆ 880ರಿಂದ 892, ಮಾತೆ ಮರಿಯಮ್ಮನವರಿಗೆ 490ರಿಂದ 511 ಹಾಗೂ 963ರಿಂದ 975, ಪಾಪನಿವೇದನೆಗೆ 1440ರಿಂದ 1470, ಪ್ರತಿಮೆಗಳಿಗೆ 2129ರಿಂದ 2132, ಬೇರೆ ಧರ್ಮದವರ ರಕ್ಷಣೆಯ ಪ್ರಶ್ನೆಗೆ 839ರಿಂದ 848.

ಇನ್ನೊಂದು ಮಾತು. ಆ ಗ್ರಂಥದ ಅರ್ಧ ಬಲ ಅಡಿಟಿಪ್ಪಣಿಗಳಲ್ಲಿದೆ. ಬೈಬಲ್ ವಚನ, ಮಹಾಸಭೆಯ (ಇಡೀ ಧರ್ಮಸಭೆಯ ಧರ್ಮಾಧ್ಯಕ್ಷರು ಸೇರುವ ಸಭೆ) ತೀರ್ಮಾನ, ಸಭಾಪಿತೃಗಳ (ಆರಂಭದ ಶತಮಾನಗಳ ಬೋಧಕರು) ಬರಹ ಎಲ್ಲವೂ ಅಲ್ಲಿ ಸೂಚಿತವಾಗಿವೆ. ಅಂಚಿನಲ್ಲಿರುವ ಸಂಖ್ಯೆಗಳು ಅದೇ ವಿಷಯ ಬೇರೆಲ್ಲಿ ಬಂದಿದೆ ಎಂದು ತೋರಿಸುತ್ತವೆ. ಪರಿಚ್ಛೇದ ಓದಿ, ಟಿಪ್ಪಣಿಯ ವಚನ ತೆರೆದು, ಆ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದುವುದೇ ನಿಜವಾದ ಅಭ್ಯಾಸ. ವಚನವೊಂದನ್ನೇ ಕಿತ್ತುಕೊಂಡು ಬಂದವರು ಎದುರಿನವರು ‘ಮುಂದಿನ ವಚನ ಓದಿ’ ಎಂದ ಕೂಡಲೇ ತಡವರಿಸುತ್ತಾರೆ.

ತೀರಾ ಹೊಸಬರಿದ್ದರೆ 2005ರ ಸಂಕ್ಷೇಪ ಆವೃತ್ತಿ ಇದೆ, 598 ಪ್ರಶ್ನೋತ್ತರ. ಅದು ದಾರಿ ತೋರಿಸಲು ಸಾಕು, ವಾದಕ್ಕೆ ಸಾಲದು.

ಕಪಿಲೆಯ ದಡ

ಓದುಪೀಠ ಹೇಳಿದ್ದಕ್ಕೆ ಬರವಣಿಗೆಯ ಕ್ರಮವೊಂದನ್ನು ಸೇರಿಸುತ್ತೇನೆ. ಓದಿದ್ದು ಬಾಯಿಗೆ ಬರಬೇಕಾದರೆ ಕಾಗದದ ಮೇಲೆ ಇಳಿಯಲೇಬೇಕು. ಇದಕ್ಕೆ ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ತಮ್ಮ ದೇವಶಾಸ್ತ್ರದ ಮಹಾಗ್ರಂಥ ‘ಸುಮ್ಮಾ’ದಲ್ಲಿ ಬಳಸಿದ ಚೌಕಟ್ಟಿಗಿಂತ ಒಳ್ಳೆಯದು ಇಲ್ಲ. ಮೊದಲು ಪ್ರಶ್ನೆ. ಆಮೇಲೆ ನಮ್ಮ ನಿಲುವಿಗೆ ವಿರುದ್ಧವಾದ ಆಕ್ಷೇಪಗಳು. ಅದಾದ ಮೇಲೆ ‘ಆದರೆ ಇದಕ್ಕೆ ಪ್ರತಿಯಾಗಿ’ ಎಂದು ಒಂದು ಪ್ರಮಾಣವಾಕ್ಯ. ಆಮೇಲೆ ಉತ್ತರ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆ ಸಮಾಧಾನ. ದೇವರು ಇದ್ದಾನೆಯೇ ಎಂಬ ಪ್ರಶ್ನೆಗೆ ಅವರು ಕೊಡುವುದು ಎರಡೇ ಆಕ್ಷೇಪ: ಕೇಡು ಇದೆಯಲ್ಲ ಎಂಬುದೊಂದು, ನಿಸರ್ಗದಿಂದಲೇ ಎಲ್ಲವನ್ನೂ ವಿವರಿಸಬಹುದಲ್ಲ ಎಂಬುದಿನ್ನೊಂದು. ಇವತ್ತಿಗೂ ನಾಸ್ತಿಕರು ಎತ್ತುವ ಗಟ್ಟಿ ಆಕ್ಷೇಪಗಳು ಅವೇ. ದುರ್ಬಲವಾದದ್ದನ್ನು ಆಯ್ದುಕೊಂಡು ಹೊಡೆದುರುಳಿಸುವ ಅಭ್ಯಾಸ ಅವರಿಗಿರಲಿಲ್ಲ.

ಪಾಪನಿವೇದನೆಯನ್ನೇ ತೆಗೆದುಕೊಂಡು ಒಂದು ಹಾಳೆ ಹೀಗೆ ತುಂಬಬಹುದು.

ಆಕ್ಷೇಪ ಒಂದು: ಪಾಪ ಕ್ಷಮಿಸುವವನು ದೇವರೊಬ್ಬನೇ (ಮಾರ್ಕ 2:7). ಆಕ್ಷೇಪ ಎರಡು: ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಕ್ರಿಸ್ತಯೇಸು (1 ತಿಮೊಥೇಯ 2:5).

ಪ್ರತಿಯಾಗಿ: ಯಾರ ಪಾಪಗಳನ್ನು ನೀವು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ, ಯಾರವನ್ನು ಉಳಿಸುತ್ತೀರೋ ಅವು ಉಳಿಯುತ್ತವೆ ಎಂದು ಪುನರುತ್ಥಾನವಾದ ಪ್ರಭು ಪ್ರೇಷಿತರಿಗೆ (ತಾನೇ ಆರಿಸಿ ಕಳಿಸಿದ ಶಿಷ್ಯರಿಗೆ) ಹೇಳಿದ್ದು (ಯೊವಾನ್ನ 20:23).

ಉತ್ತರ: ಕ್ಷಮಿಸುವವನು ದೇವರೊಬ್ಬನೇ ಎಂದು ಧರ್ಮೋಪದೇಶದ 1441ನೇ ಪರಿಚ್ಛೇದವೇ ಮೊದಲ ಸಾಲಿನಲ್ಲಿ ಒಪ್ಪುತ್ತದೆ. ಆ ಅಧಿಕಾರವನ್ನು ಆತ ತನ್ನ ಹೆಸರಿನಲ್ಲಿ ಚಲಾಯಿಸಲು ಮನುಷ್ಯರಿಗೆ ಕೊಟ್ಟ ಎಂಬುದು ಮುಂದಿನ ಮಾತು. ಸಂಧಾನದ ಸೇವೆಯನ್ನು ನಮಗೆ ಒಪ್ಪಿಸಿದ ಎಂದು ಪೌಲರು ಬರೆಯುವುದೂ ಇದನ್ನೇ (2 ಕೊರಿಂಥ 5:18). ಕ್ಷಮಿಸಬೇಕೋ ಉಳಿಸಬೇಕೋ ಎಂದು ನಿರ್ಧರಿಸುವವನಿಗೆ ಪಾಪ ಯಾವುದೆಂದು ತಿಳಿಯಬೇಕು. ಬಾಯಿಬಿಟ್ಟು ಹೇಳುವುದು ಅದಕ್ಕಾಗಿ.

ಸಮಾಧಾನ ಒಂದು: ಮಾರ್ಕ 2:7 ಶಾಸ್ತ್ರಿಗಳು ಯೇಸುವಿನ ಮೇಲೆ ಹೊರಿಸಿದ ಆರೋಪ. ಅದೇ ಘಟನೆಯನ್ನು ಮತ್ತಾಯ ಮುಗಿಸುವುದು, ಇಂಥ ಅಧಿಕಾರವನ್ನು ‘ಮನುಷ್ಯರಿಗೆ’ ಕೊಟ್ಟ ದೇವರನ್ನು ಜನ ಕೊಂಡಾಡಿದರು ಎಂದು (9:8). ಸಮಾಧಾನ ಎರಡು: ಒಬ್ಬನೇ ಮಧ್ಯಸ್ಥ ಎಂಬ ವಾಕ್ಯಕ್ಕೆ ನಾಲ್ಕು ವಚನ ಮೊದಲು, ಎಲ್ಲರಿಗಾಗಿ ವಿಜ್ಞಾಪನೆ ಮಾಡಿ ಎಂದು ಪೌಲರೇ ಕೇಳುತ್ತಾರೆ. ಒಬ್ಬರು ಇನ್ನೊಬ್ಬರಿಗಾಗಿ ನಿಲ್ಲುವುದು ಕ್ರಿಸ್ತನ ಮಧ್ಯಸ್ಥಿಕೆಯೊಳಗೇ ನಡೆಯುವ ಕೆಲಸ.

ಹಾಳೆಯ ಅಡಿಯಲ್ಲಿ ‘ಹೆಚ್ಚು ಹೇಳಬಾರದು’ ಎಂಬ ಒಂದು ಸಾಲು ಬಿಟ್ಟುಕೊಳ್ಳಿ. ಇಲ್ಲಿ ಅದು ಹೀಗಿರುತ್ತದೆ: ಈಗಿನಂತೆ ಗುಟ್ಟಾಗಿ, ಮತ್ತೆ ಮತ್ತೆ ಗುರುಗಳ ಬಳಿ ಪಾಪ ನಿವೇದಿಸುವ ರೂಢಿ ಮೊದಲ ಶತಮಾನದಿಂದಲೂ ಇತ್ತು ಎನ್ನಬಾರದು. ಆರಂಭದಲ್ಲಿ ಘೋರ ಪಾಪಗಳಿಗೆ ಬಹಿರಂಗವಾದ, ವರ್ಷಗಟ್ಟಲೆಯ ಪ್ರಾಯಶ್ಚಿತ್ತವಿತ್ತು. ಏಳನೇ ಶತಮಾನದಲ್ಲಿ ಐರಿಷ್ ಸನ್ಯಾಸಿಗಳು ಖಾಸಗಿ ರೂಢಿಯನ್ನು ಯೂರೋಪಿಗೆ ತಂದರು. ಇದನ್ನು 1447ನೇ ಪರಿಚ್ಛೇದವೇ ಹೇಳುತ್ತದೆ. ರೂಪ ಬದಲಾಗಿದೆ, ಸಾರ ಬದಲಾಗಿಲ್ಲ. ಇಷ್ಟನ್ನು ನೀವೇ ಮೊದಲು ಹೇಳಿದರೆ ಎದುರಿನವರಿಗೆ ನಂಬಿಕೆ ಹುಟ್ಟುತ್ತದೆ.

ತೆನೆಹಬ್ಬ

ಈ ಹಾಳೆಯ ಕ್ರಮ ನಮಗೆ ಸರಿಹೊಂದುತ್ತದೆ. ಏಳು ಪುಸ್ತಕಗಳ ವಿಷಯ? ಅದರಲ್ಲೇ ನಮ್ಮ ಹುಡುಗರು ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. ಧರ್ಮಸಭೆ 397ರಲ್ಲಿ ಬೈಬಲ್ ಮಾಡಿತು, ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಏಳು ಪುಸ್ತಕ ಕಿತ್ತುಹಾಕಿದ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಹಳೆಯ ಓಲೆ

ಅದೇ ತೊಂದರೆ. ಎರಡು ಮಾತೂ ಅರ್ಧ ಸರಿ. ಅರ್ಧ ಸರಿ ಇರುವ ಮಾತು ಚರ್ಚೆಯಲ್ಲಿ ಪೂರ್ತಿ ತಪ್ಪಿಗಿಂತ ಹೆಚ್ಚು ಕೆಡಿಸುತ್ತದೆ.

ಹಳೆಯ ಒಡಂಬಡಿಕೆ ನಮ್ಮಲ್ಲಿ 46 ಪುಸ್ತಕ, ಪ್ರಾಟೆಸ್ಟೆಂಟರಲ್ಲಿ 39. ಹೊಸ ಒಡಂಬಡಿಕೆ ಇಬ್ಬರಲ್ಲೂ 27. ವ್ಯತ್ಯಾಸದ ಏಳು: ತೊಬೀತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಾಬಿಯರ ಎರಡು ಗ್ರಂಥಗಳು. ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳಲ್ಲಿ ಕೆಲವು ಭಾಗಗಳೂ ಹೆಚ್ಚಾಗಿವೆ, ಇದನ್ನು ತುಂಬ ಜನ ಮರೆಯುತ್ತಾರೆ. ಇವೆಲ್ಲ ಗ್ರೀಕ್ ಮಾತಾಡುತ್ತಿದ್ದ ಯೆಹೂದ್ಯರ ಬಳಕೆಯಲ್ಲಿದ್ದ ‘ಎಪ್ಪತ್ತರ ಅನುವಾದ’ ಎಂಬ ಗ್ರೀಕ್ ಬೈಬಲ್ಲಿನ ಮೂಲಕ ಆದಿಸಭೆಗೆ ಬಂದವು.

393ರ ಹಿಪ್ಪೋ, 397ರ ಕಾರ್ಥೇಜ್ ಸಭೆಗಳು ಈ ಪಟ್ಟಿಯನ್ನು ಕೊಟ್ಟದ್ದು ನಿಜ. ಆದರೆ ಅವು ಉತ್ತರ ಆಫ್ರಿಕದ ಪ್ರಾದೇಶಿಕ ಸಭೆಗಳು. ಇಡೀ ಧರ್ಮಸಭೆಯ ಪರವಾಗಿ ಫ್ಲಾರೆನ್ಸ್ ಮಹಾಸಭೆ 1442ರಲ್ಲಿ ಇದೇ ಪಟ್ಟಿ ಕೊಟ್ಟಿತು. ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಅದನ್ನು ವಿಶ್ವಾಸಸತ್ಯವಾಗಿ ಘೋಷಿಸಿತು. ಹಾಗಾಗಿ ‘ಟ್ರೆಂಟ್‌ನಲ್ಲಿ ಸೇರಿಸಿದರು’ ಎಂಬ ಆರೋಪಕ್ಕೆ ಫ್ಲಾರೆನ್ಸ್ ನೇರ ಉತ್ತರ: ಅದು ಲೂಥರ್ ಹುಟ್ಟುವುದಕ್ಕೂ ಮೊದಲಿನದು.

ಲೂಥರ್ ವಿಷಯ: 1534ರ ತನ್ನ ಜರ್ಮನ್ ಬೈಬಲ್ಲಿನಲ್ಲಿ ಆತ ಈ ಪುಸ್ತಕಗಳನ್ನು ಬಿಸಾಡಲಿಲ್ಲ. ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟು, ಪವಿತ್ರ ಗ್ರಂಥಕ್ಕೆ ಸಮವಲ್ಲ, ಓದಲು ಒಳ್ಳೆಯವು ಎಂದ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ಅವು ಅಚ್ಚಾಗಿದ್ದವು.

ಓದಿಕೊಂಡ ಪ್ರಾಟೆಸ್ಟೆಂಟ್ ಗೆಳೆಯ ಸಂತ ಜೆರೋಮರ ಹೆಸರು ಎತ್ತುತ್ತಾನೆ, ಸಿದ್ಧವಿರಿ. ಹೀಬ್ರೂ ಭಾಷೆಯಲ್ಲಿಲ್ಲದ ಪುಸ್ತಕಗಳ ಬಗ್ಗೆ ಜೆರೋಮರು ತಮ್ಮ ಮುನ್ನುಡಿಗಳಲ್ಲಿ ಅನುಮಾನ ಬರೆದದ್ದು ನಿಜ. 367ರಲ್ಲಿ ಸಂತ ಅಥನಾಸಿಯಸರು ಬರೆದ ಹಬ್ಬದ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇದೆ, ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಪತ್ರದಲ್ಲಿ ಜ್ಞಾನಗ್ರಂಥ, ಸಿರಾಖ, ಯೂದಿತ, ತೊಬೀತಗಳನ್ನು ಅವರು ಪಟ್ಟಿಯ ಹೊರಗಿಟ್ಟು, ಹೊಸದಾಗಿ ಬಂದವರಿಗೆ ಓದಿಸಲು ತಕ್ಕವು ಎನ್ನುತ್ತಾರೆ. ಒಂದರ್ಧ ಹೇಳಿ ಇನ್ನರ್ಧ ಮುಚ್ಚಿಟ್ಟರೆ ಸಿಕ್ಕಿಬೀಳುತ್ತೀರಿ. ಸರಿಯಾದ ವಾದ ಬೇರೆ ಇದೆ: ಪಿತೃಗಳಲ್ಲೂ ಏಕಾಭಿಪ್ರಾಯ ಇರಲಿಲ್ಲ, ಹಾಗಾದರೆ ಪಟ್ಟಿಯನ್ನು ಯಾರು ನಿರ್ಧರಿಸಬೇಕು? ಯಾವ ಪುಸ್ತಕ ದೈವಪ್ರೇರಿತ ಎಂಬ ಪಟ್ಟಿ ಬೈಬಲ್ಲಿನ ಒಳಗಿಲ್ಲ. ‘ಬೈಬಲ್ ಮಾತ್ರ’ ಎನ್ನುವವರಿಗೂ ಆ ಪಟ್ಟಿ ಧರ್ಮಸಭೆಯ ಪರಂಪರೆಯಿಂದಲೇ ಬಂದಿದೆ. ಚರ್ಚೆ ಅಲ್ಲಿಗೆ ಬಂದರೆ ಫಲವುಂಟು.

325ರ ನಿಕೇಯ ಮಹಾಸಭೆಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಬೈಬಲ್ ಆರಿಸಿದ ಎಂಬ ಮಾತೂ ಕೇಳಿಬರುತ್ತದೆ, ಹೆಚ್ಚಾಗಿ ನಾಸ್ತಿಕರಿಂದ. ನಿಕೇಯದ 20 ನಿಯಮಗಳು ಉಳಿದು ಬಂದಿವೆ. ಒಂದರಲ್ಲೂ ಬೈಬಲ್ ಪಟ್ಟಿಯ ಸುದ್ದಿಯಿಲ್ಲ.

ಓದುಪೀಠ

ಹಳೆಯ ಓಲೆ ಅವರ ಮಾತಿಗೆ ಜೋಡಿಸಿ: ಎದುರಿನವರು ಒಪ್ಪದ ಪುಸ್ತಕವನ್ನು ಪ್ರಮಾಣವಾಗಿ ಮುಂದಿಡಬೇಡಿ. ಸತ್ತವರಿಗಾಗಿ ಪ್ರಾರ್ಥಿಸುವ ವಿಷಯ ಬಂದ ಕೂಡಲೇ ಮಕ್ಕಾಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ತೆರೆಯುವುದು ವಾಡಿಕೆ. ಅವರಿಗೆ ಅದು ದೇವರ ವಾಕ್ಯವಲ್ಲ. ಆದರೆ ಕ್ರಿಸ್ತನಿಗಿಂತ ಮೊದಲೇ ಯೆಹೂದ್ಯರು ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದರು ಎಂಬುದಕ್ಕೆ ಇತಿಹಾಸದ ಸಾಕ್ಷಿಯಾಗಿ ಅದನ್ನು ಅವರೂ ಒಪ್ಪಬಹುದು. ಹಾಗೆ ಬಳಸಿ. 1 ಕೊರಿಂಥ 3:15ನ್ನೂ ಅತಿಯಾಗಿ ಎಳೆಯಬೇಡಿ. ಅಲ್ಲಿ ಪೌಲರ ನೇರ ವಿಷಯ ಸಭೆ ಕಟ್ಟುವವರ ಕೆಲಸದ ಪರೀಕ್ಷೆ. ‘ಬೆಂಕಿಯ ಮೂಲಕ ಹಾದು ರಕ್ಷಣೆ’ ಎಂಬ ಮಾತು ಸತ್ತ ಮೇಲಿನ ಶುದ್ಧೀಕರಣಕ್ಕೆ ದಾರಿ ತೋರಿಸುತ್ತದೆ, ಒಂದೇ ಏಟಿಗೆ ಸಾಬೀತು ಮಾಡುವುದಿಲ್ಲ.

ಇಂಥದ್ದೇ ಇನ್ನೊಂದು: ‘ಪ್ರಾಟೆಸ್ಟೆಂಟರಲ್ಲಿ 33 ಸಾವಿರ ಪಂಗಡ’. ಈ ಸಂಖ್ಯೆಯನ್ನು ದಯವಿಟ್ಟು ಕೈಬಿಡಿ. ದೇಶದೇಶಕ್ಕೂ ಬೇರೆ ಬೇರೆಯಾಗಿ ಎಣಿಸಿದ ಲೆಕ್ಕ ಅದು, ಒಂದೇ ಪಂಗಡ ನೂರು ದೇಶದಲ್ಲಿದ್ದರೆ ನೂರು ಸಲ ಬರುತ್ತದೆ. ಅದರಲ್ಲಿ ಕಥೋಲಿಕರೂ ಸೇರಿದ್ದಾರೆ.

ನೀಲಗಿರಿ ಗಾಳಿ

ಸಭಾಪಿತೃಗಳನ್ನು ಓದುವ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅಭಿಪ್ರಾಯದಲ್ಲಿ ಧರ್ಮೋಪದೇಶಕ್ಕಿಂತ ಮೊದಲೇ ಅವರನ್ನು ಓದಬೇಕು. ಪ್ರೇಷಿತರ ಶಿಷ್ಯರು ಹೇಗೆ ಪ್ರಾರ್ಥಿಸಿದರು ಎಂದು ಕಂಡವನಿಗೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಶುರುವಿಗೆ ಮೂರು ಸಾಕು. ಒಂದು, ‘ದಿದಾಖೆ’ ಎಂಬ ಆದಿಸಭೆಯ ಕೈಪಿಡಿ: ಹದಿನಾರು ಪುಟ್ಟ ಅಧ್ಯಾಯ, ಒಂದು ಗಂಟೆಯ ಓದು. ನೀರು ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದು ದೀಕ್ಷಾಸ್ನಾನ ಕೊಡಿ ಎಂದು ಏಳನೇ ಅಧ್ಯಾಯದಲ್ಲಿದೆ. ಮುಳುಗಿಸಿದರೆ ಮಾತ್ರ ದೀಕ್ಷಾಸ್ನಾನ ಎಂದು ಪಟ್ಟುಹಿಡಿಯುವವರಿಗೆ ಇದನ್ನು ತೋರಿಸಿ. ಎರಡು, ಅಂತಿಯೋಕ್ಯದ ಸಂತ ಇಗ್ನಾಸಿಯಸರ ಏಳು ಪತ್ರಗಳು. ಎರಡನೇ ಶತಮಾನದ ಆರಂಭದಲ್ಲಿ, ರೋಮಿಗೆ ಸಾವಿನ ಶಿಕ್ಷೆಗೆ ಒಯ್ಯುತ್ತಿದ್ದಾಗ ಬರೆದವು. ಸ್ಮಿರ್ನದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ, ಪರಮಪ್ರಸಾದವು (ಬಲಿಪೂಜೆಯಲ್ಲಿ ಅರ್ಪಿಸುವ ರೊಟ್ಟಿ, ದ್ರಾಕ್ಷಾರಸ) ನಮ್ಮ ರಕ್ಷಕ ಯೇಸುಕ್ರಿಸ್ತರ ಶರೀರ ಎಂದು ಒಪ್ಪದವರು ಅದರಿಂದ ದೂರವಿರುತ್ತಾರೆ ಎನ್ನುತ್ತಾರೆ. 8ನೇ ಅಧ್ಯಾಯದಲ್ಲಿ ‘ಕಥೋಲಿಕ ಸಭೆ’ ಎಂಬ ಮಾತು ಬರುತ್ತದೆ, ಉಳಿದಿರುವ ಬರಹಗಳಲ್ಲಿ ಅದೇ ಮೊದಲು. ಮೂರು, ಸಂತ ಜಸ್ಟಿನರು ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸನಿಗೆ ಬರೆದ ಮೊದಲ ಸಮರ್ಥನೆ, ಅಧ್ಯಾಯ 65ರಿಂದ 67. ಭಾನುವಾರ ಸೇರುವುದು, ಪ್ರೇಷಿತರ ನೆನಪುಗಳನ್ನೂ ಪ್ರವಾದಿಗಳನ್ನೂ ಓದುವುದು, ಪ್ರವಚನ, ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ, ಜನರ ‘ಆಮೆನ್’, ಬಾರದವರಿಗೆ ಸೇವಾದರ್ಶಿಗಳ ಕೈಯಲ್ಲಿ ಕಳಿಸುವುದು, ಬಡವರಿಗೆ ಕಾಣಿಕೆ ಎತ್ತುವುದು. ಇವತ್ತಿನ ಭಾನುವಾರದ ಬಲಿಪೂಜೆಯ ಪಕ್ಕ ಇಟ್ಟು ಓದಿ, ಮೈ ಜುಮ್ಮೆನ್ನುತ್ತದೆ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ 19ನೇ ಶತಮಾನದ ಇಂಗ್ಲಿಷ್ ಸಂಪುಟಗಳಲ್ಲಿ ಇಗ್ನಾಸಿಯಸರ ಪತ್ರಗಳ ಎರಡು ಪಾಠಗಳಿವೆ, ಚಿಕ್ಕದು ಮತ್ತು ಉದ್ದದ್ದು. ಉದ್ದದ್ದರಲ್ಲಿ ಮುಂದಿನ ಶತಮಾನಗಳವರು ತಮ್ಮ ಮಾತು ತುಂಬಿದ್ದಾರೆ. ಚಿಕ್ಕದನ್ನೇ ಓದಿ. ಅವರ ಹೆಸರಲ್ಲಿ ಕೂಡಿಸಿರುವ ಬೇರೆ ಕೆಲವು ಪತ್ರಗಳೂ ನಕಲಿ. ಸಭಾಪಿತೃಗಳ ಉಲ್ಲೇಖ ಸಿಕ್ಕಾಗಲೆಲ್ಲ ಗ್ರಂಥದ ಹೆಸರು, ಭಾಗ, ಅಧ್ಯಾಯ ಮೂರೂ ಇದೆಯೇ ನೋಡಿ. ‘ಸಂತ ಆಗಸ್ಟೀನರು ಹೇಳಿದ್ದಾರೆ’ ಎಂದಷ್ಟೇ ಇದ್ದರೆ ಮುಟ್ಟಬೇಡಿ.

ಓದುಪೀಠ

ಪಿತೃಗಳು ಮೊದಲು ಎಂಬುದನ್ನು ನಾನು ಒಪ್ಪಲಾರೆ, ನೀಲಗಿರಿ ಗಾಳಿ ಅವರೇ. ಅಡಿಪಾಯವಿಲ್ಲದೆ ಇಗ್ನಾಸಿಯಸರನ್ನು ಓದಿದ ಹೊಸಬ ತನಗೆ ಬೇಕಾದ್ದನ್ನೇ ಅಲ್ಲಿ ಕಾಣುತ್ತಾನೆ. ಧರ್ಮೋಪದೇಶದ ಒಂದು ಭಾಗ, ಆಮೇಲೆ ಅದಕ್ಕೆ ಹೊಂದುವ ಪಿತೃಗಳ ಒಂದು ತುಣುಕು, ಹೀಗೆ ಹೆಣೆದುಕೊಂಡು ಹೋಗಲಿ. ಪರಮಪ್ರಸಾದದ 1373ರಿಂದ 1381 ಓದಿದ ವಾರವೇ ಜಸ್ಟಿನರ ಮೂರು ಅಧ್ಯಾಯ ಓದಿದರೆ ಎರಡೂ ನೆನಪಲ್ಲಿ ಉಳಿಯುತ್ತವೆ.

ಕಬಿನಿ

ಜಗದ್ಗುರುಗಳ ವಿಷಯಕ್ಕೆ ಬರೋಣ. ‘ಜಗದ್ಗುರುಗಳು ತಪ್ಪು ಮಾಡುವುದಿಲ್ಲ ಎಂದು ನಂಬುತ್ತೀರಿ’ ಎಂಬ ಆರೋಪಕ್ಕೆ ಮೊದಲ ಉತ್ತರ: ಹಾಗೆ ನಾವು ನಂಬುವುದಿಲ್ಲ. ಅವರೂ ಪಾಪನಿವೇದನೆ ಮಾಡುತ್ತಾರೆ. 1870ರ ಜುಲೈ 18ರಂದು ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಷರತ್ತುಗಳ ಮಾತು. ಎಲ್ಲ ಕ್ರೈಸ್ತರ ಪಾಲಕರೂ ಬೋಧಕರೂ ಆಗಿ ಮಾತಾಡಬೇಕು. ಪ್ರೇಷಿತರಿಂದ ಬಂದ ಪರಮಾಧಿಕಾರವನ್ನು ಬಳಸುತ್ತಿರಬೇಕು. ವಿಷಯ ವಿಶ್ವಾಸಕ್ಕೋ ನೀತಿಗೋ ಸೇರಿರಬೇಕು. ಇಡೀ ಧರ್ಮಸಭೆ ಒಪ್ಪಲೇಬೇಕೆಂದು ಖಚಿತವಾಗಿ ನಿರ್ಣಯಿಸುತ್ತಿರಬೇಕು. ಈ ನಾಲ್ಕೂ ಕೂಡಿದಾಗ ಮಾತ್ರ ಆ ಬೋಧನೆ ತಪ್ಪಾಗದಂತೆ ದೇವರು ಕಾಯುತ್ತಾನೆ. ಎಲ್ಲರೂ ಒಪ್ಪುವ ಉದಾಹರಣೆಗಳು ಎರಡು: 1854ರ ಡಿಸೆಂಬರ್ 8ರಂದು ಮಾತೆಯ ಅಮಲೋದ್ಭವ, 1950ರ ನವೆಂಬರ್ 1ರಂದು ಅವರ ಸ್ವರ್ಗಸ್ವೀಕಾರ. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರ ಇದರಲ್ಲಿ ಬರುವುದಿಲ್ಲ.

(ಅಮಲೋದ್ಭವ ಎಂದರೆ ಮರಿಯಮ್ಮನವರು ತಮ್ಮ ತಾಯಿಯ ಗರ್ಭದಲ್ಲಿ ಜನ್ಮಪಾಪವಿಲ್ಲದೆ ಉಂಟಾದದ್ದು. ಯೇಸುವಿನ ಕನ್ಯಾಜನನವಲ್ಲ. ನಮ್ಮವರೇ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ.)

ಗಲಾತ್ಯ 2:11ರಲ್ಲಿ ಪೌಲರು ಪೇತ್ರರನ್ನು ಎದುರಿಸಿದ್ದು ಬೋಧನೆಗಾಗಿ ಅಲ್ಲ, ನಡತೆಗಾಗಿ. ಇದು ಸುಲಭ. ಕಷ್ಟದ್ದು ಜಗದ್ಗುರು ಒಂದನೇ ಹೊನೋರಿಯಸರ ಪ್ರಕರಣ. ಓದಿಕೊಂಡವರು ಅದನ್ನು ಎತ್ತಿಯೇ ಎತ್ತುತ್ತಾರೆ. ಕ್ರಿಸ್ತನಲ್ಲಿ ಇಚ್ಛಾಶಕ್ತಿ ಒಂದೇ ಎಂಬ ವಾದ ಏಳನೇ ಶತಮಾನದಲ್ಲಿ ಎದ್ದಾಗ ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನ (ಅಲ್ಲಿನ ಮುಖ್ಯ ಧರ್ಮಾಧ್ಯಕ್ಷ) ಸೆರ್ಜಿಯಸ್ ಬರೆದ ಪತ್ರಕ್ಕೆ ಹೊನೋರಿಯಸರು ಉತ್ತರಿಸಿ, ಆ ತಪ್ಪಿಗೆ ಎಡೆಕೊಡುವ ಮಾತು ಬರೆದರು. ಅವರು ಸತ್ತು ದಶಕಗಳ ಮೇಲೆ, 681ರಲ್ಲಿ, ಆರನೇ ಮಹಾಸಭೆ ಅವರ ಹೆಸರು ಹಿಡಿದು ಖಂಡಿಸಿತು. ‘ಇದೆಲ್ಲ ಸುಳ್ಳು’ ಎಂದು ಉತ್ತರಿಸಿದರೆ ಅಲ್ಲಿಗೆ ನಿಮ್ಮ ಮಾತು ಮುಗಿಯಿತು. ಅದು ನಡೆದದ್ದೇ. ಉತ್ತರ ಷರತ್ತುಗಳಲ್ಲಿದೆ: ಅದು ಒಬ್ಬ ಪಿತೃಪ್ರಧಾನರಿಗೆ ಬರೆದ ಪತ್ರ. ವಾದವನ್ನು ತಣ್ಣಗಾಗಿಸಿ, ಆ ಮಾತೇ ಬೇಡ ಎನ್ನುವ ಧಾಟಿಯದು. ಇಡೀ ಧರ್ಮಸಭೆಯನ್ನು ಕಟ್ಟುವ ನಿರ್ಣಯ ಅದರಲ್ಲಿಲ್ಲ. ಮಹಾಸಭೆಯ ತೀರ್ಮಾನವನ್ನು ದೃಢೀಕರಿಸಿದ ಜಗದ್ಗುರು ಎರಡನೇ ಲಿಯೋ ಅವರು ಹೊನೋರಿಯಸರ ಮೇಲೆ ಹೊರಿಸಿದ್ದು ವಿಶ್ವಾಸವನ್ನು ಕಾಯದೆ ಅದು ಮಲಿನವಾಗಲು ಬಿಟ್ಟ ದೋಷವನ್ನು. 1870ರ ಧರ್ಮಾಧ್ಯಕ್ಷರು ಈ ಪ್ರಕರಣವನ್ನು ಬಲ್ಲವರಾಗಿಯೇ, ಅದರ ಮೇಲೆ ವಾದಿಸಿಯೇ ಷರತ್ತುಗಳನ್ನು ಅಷ್ಟು ಬಿಗಿಯಾಗಿ ಬರೆದರು.

ಇಲ್ಲಿಂದ ಕಲಿಯಬೇಕಾದ್ದು ತೂಕ ನೋಡುವುದು. ಎಲ್ಲವೂ ಒಂದೇ ಮಟ್ಟದ ಬೋಧನೆಯಲ್ಲ. ತ್ರಿತ್ವ ವಿಶ್ವಾಸಸತ್ಯ. ಲತೀನ್ ಸಂಪ್ರದಾಯದ ಗುರುಗಳು ಮದುವೆಯಾಗದಿರುವುದು ಶಿಸ್ತು; ಉಕ್ರೇನಿನ ಗ್ರೀಕ್ ಕಥೋಲಿಕರಲ್ಲಿ ವಿವಾಹಿತ ಗುರುಗಳಿದ್ದಾರೆ, ಅವರೂ ಪೂರ್ತಿ ಕಥೋಲಿಕರೇ. ಲೂರ್ದ್, ಫಾತಿಮಾ ಊರುಗಳಲ್ಲಿ ಮರಿಯಮ್ಮನವರು ಕೊಟ್ಟ ದರ್ಶನಗಳು ಖಾಸಗಿ ಪ್ರಕಟನೆ, ವಿಶ್ವಾಸದ ನಿಧಿಗೆ ಸೇರಿದವಲ್ಲ (ಧರ್ಮೋಪದೇಶ 67). ಹಾಳೆಯ ಮೇಲ್ಭಾಗದಲ್ಲಿ ‘ಮಟ್ಟ’ ಎಂದು ಒಂದು ಕಲಂ ಇಟ್ಟು ವಿಶ್ವಾಸಸತ್ಯ, ಸಾಮಾನ್ಯ ಬೋಧನೆ, ಶಿಸ್ತು, ಭಕ್ತಿರೂಢಿ ಎಂಬ ನಾಲ್ಕರಲ್ಲಿ ಒಂದನ್ನು ಬರೆಸಿ. ಭಕ್ತಿರೂಢಿಯನ್ನು ವಿಶ್ವಾಸಸತ್ಯದಂತೆ ಸಮರ್ಥಿಸಲು ಹೋದವರೇ ಹೆಚ್ಚು ಸೋಲುವುದು.

ತೆನೆಹಬ್ಬ

ಕಬಿನಿ ಅವರೇ, ಅದೇ ಮಾತಿಗೆ ಕೇಳುತ್ತೇನೆ. ಶಿವಾಜಿನಗರದ ಬೆಸಿಲಿಕಾದಲ್ಲಿ ಮರಿಯಮ್ಮನವರ ಪ್ರತಿಮೆಗೆ ಸೀರೆ ಉಡಿಸುತ್ತಾರೆ, ಹೂವು, ಮೇಣದಬತ್ತಿ, ತೇರು ಎಲ್ಲ ಇದೆ. ನೋಡುವವರಿಗೆ ದೇವಿಪೂಜೆಯೇ ಕಾಣುತ್ತದೆ. ಏನು ಹೇಳುವುದು?

ಕಬಿನಿ

ಸೀರೆ, ತೇರು ಭಕ್ತಿರೂಢಿ. ಈ ನೆಲದ ಜನ ತಾಯಿಗೆ ತೋರುವ ಮರ್ಯಾದೆ. ಹೊರಗಿನ ಕ್ರಿಯೆಯೊಂದನ್ನೇ ಹಿಡಿದು ಆರಾಧನೆ ಹೌದೋ ಅಲ್ಲವೋ ಎಂದು ತೀರ್ಮಾನಿಸಲಾಗದು. ಧರ್ಮಸಭೆ ಇಡುವ ಗುರುತು ಬಲಿ: ಬಲಿ ದೇವರಿಗೆ ಮಾತ್ರ. ಸೆಪ್ಟೆಂಬರ್ 8ರ ಹಬ್ಬದಲ್ಲೂ ಬಲಿಪೂಜೆಯ ಕೃತಜ್ಞತಾ ಪ್ರಾರ್ಥನೆ ತಂದೆಗೆ, ಕ್ರಿಸ್ತನ ಮೂಲಕ, ಪವಿತ್ರಾತ್ಮರಲ್ಲಿ ಸಲ್ಲುತ್ತದೆ. ಮಾತೆಯನ್ನು ಕೇಳುವುದು ‘ನಮಗಾಗಿ ಪ್ರಾರ್ಥಿಸಿ’ ಎಂದು. ಪ್ರಶ್ನೆ ಕೇಳಿದವರನ್ನು ಒಂದು ಬಲಿಪೂಜೆಗೆ ಕರೆದು, ಪ್ರಾರ್ಥನಾ ಪುಸ್ತಕ ಕೈಗಿತ್ತು, ಯಾರನ್ನು ಕುರಿತು ಏನು ಹೇಳುತ್ತಾರೆ ನೋಡಿ ಎನ್ನಿ.

ಪ್ರತಿಮೆಗಳಿಗೆ ವಿಮೋಚನಾಕಾಂಡ 20:4 ಎತ್ತಿದರೆ ಅದೇ ಗ್ರಂಥದ 25:18 ಓದಿಸಿ: ಒಡಂಬಡಿಕೆಯ ಮಂಜೂಷದ ಮೇಲೆ ಬಂಗಾರದ ಕೆರೂಬಿಗಳನ್ನು (ದೇವದೂತರ ಮೂರ್ತಿಗಳನ್ನು) ಮಾಡಿಸಿದ್ದು ದೇವರೇ. ಸಂಖ್ಯಾಕಾಂಡ 21:8ರ ಕಂಚಿನ ಸರ್ಪವೂ ಹಾಗೆಯೇ. ಆದರೆ 2 ಅರಸುಗಳು 18:4ನ್ನು ಬಿಡಬೇಡಿ. ಜನ ಅದಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯ ರಾಜ ಅದನ್ನು ಒಡೆದುಹಾಕಿದ. ವಸ್ತು ಅದೇ, ಬಳಕೆ ಕೆಟ್ಟಿತು. ನಮ್ಮಲ್ಲೂ ಯಾರಾದರೂ ಪ್ರತಿಮೆಯಲ್ಲೇ ಶಕ್ತಿಯಿದೆ ಎಂದು ನಡೆದುಕೊಂಡರೆ ತಿದ್ದಬೇಕು. ಅದನ್ನು ಸಮರ್ಥಿಸುವ ಹೊಣೆ ನಮಗಿಲ್ಲ. 787ರ ಎರಡನೇ ನಿಕೇಯ ಮಹಾಸಭೆಯ ಮಾತು ಸ್ಪಷ್ಟ: ಪ್ರತಿಮೆಗೆ ಸಲ್ಲುವ ಗೌರವ ಅದು ಯಾರದೋ ಅವರಿಗೆ ಸೇರುತ್ತದೆ, ಆರಾಧನೆ ದೇವರೊಬ್ಬನಿಗೇ.

ಹೊಂಗೆ ನೆರಳು

‘ಎಲ್ಲ ಧರ್ಮವೂ ಒಂದೇ’ ಎಂಬುದಕ್ಕೆ ನಾನು ಬರೆಯುತ್ತೇನೆ, ಕರ್ನಾಟಕದಲ್ಲಿ ಇದೇ ಹೆಚ್ಚು ಕೇಳುವ ಪ್ರಶ್ನೆ. ಓದಬೇಕಾದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ‘ನೊಸ್ತ್ರಾ ಏತಾತೆ’, 1965ರ ಅಕ್ಟೋಬರ್ 28ರದು. ಐದೇ ವಿಭಾಗ, ಇಪ್ಪತ್ತು ನಿಮಿಷದ ಓದು. ಎರಡನೇ ವಿಭಾಗದಲ್ಲಿ ಹಿಂದೂ ಧರ್ಮದ ಹೆಸರೇ ಬರುತ್ತದೆ: ದೈವೀ ರಹಸ್ಯವನ್ನು ಪುರಾಣಗಳ ಸಮೃದ್ಧಿಯಲ್ಲೂ ತತ್ವಚಿಂತನೆಯ ಆಳದಲ್ಲೂ ಅರಸುವವರು, ತಪಸ್ಸು, ಧ್ಯಾನ, ಭಕ್ತಿಯ ಮೂಲಕ ಬಿಡುಗಡೆ ಹುಡುಕುವವರು ಎಂದು. ಈ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂಬ ಪ್ರಸಿದ್ಧ ವಾಕ್ಯ ಅಲ್ಲಿದೆ. ಅದೇ ವಿಭಾಗದಲ್ಲಿ, ಅದರ ಬೆನ್ನಿಗೇ, ದಾರಿಯೂ ಸತ್ಯವೂ ಜೀವವೂ ಆದ ಕ್ರಿಸ್ತನನ್ನು ಸಾರುತ್ತಲೇ ಇರುವುದು ತನ್ನ ಕರ್ತವ್ಯ ಎಂಬ ವಾಕ್ಯವೂ ಇದೆ. ಮೊದಲನೆಯದನ್ನಷ್ಟೇ ಹೇಳಿದರೆ ಎಲ್ಲವೂ ಒಂದೇ ಎಂದಾಗುತ್ತದೆ, ಎರಡನೆಯದನ್ನಷ್ಟೇ ಹೇಳಿದರೆ ಎದುರಿಗಿರುವವರ ಬಾಳಿನಲ್ಲಿ ದೇವರು ಕೆಲಸವೇ ಮಾಡಿಲ್ಲ ಎಂದಾಗುತ್ತದೆ. ಎರಡನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಿ.

‘ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ’ ಎಂಬ ಹಳೆಯ ವಾಕ್ಯವನ್ನು 846ರಿಂದ 848ರವರೆಗಿನ ಪರಿಚ್ಛೇದಗಳು ವಿವರಿಸುತ್ತವೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವರು ರಕ್ಷಣೆ ಪಡೆಯಬಲ್ಲರು, ಆ ರಕ್ಷಣೆಯೂ ಕ್ರಿಸ್ತನಿಂದಲೇ ಬರುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಫೀನಿ ಎಂಬ ಗುರುಗಳು ಆ ಹಳೆಯ ವಾಕ್ಯವನ್ನು ಅಕ್ಷರಶಃ ಹಿಡಿದು, ಬೇರೆಯವರೆಲ್ಲ ನರಕಕ್ಕೆ ಎಂಬಂತೆ ಬೋಧಿಸಿದರು. 1949ರಲ್ಲಿ ರೋಮ್ ಪತ್ರ ಬರೆದು ಆ ಅರ್ಥವನ್ನು ತಿರಸ್ಕರಿಸಿತು. ಕರೆದರೂ ಹೋಗದೆ ಅವಿಧೇಯರಾಗಿ ಉಳಿದದ್ದಕ್ಕೆ 1953ರಲ್ಲಿ ಅವರನ್ನು ಬಹಿಷ್ಕರಿಸಲಾಯಿತು, ಮುಂದೆ 1972ರಲ್ಲಿ ರಾಜಿಯಾಯಿತು. ಧರ್ಮಸಭೆಯ ವಾಕ್ಯವನ್ನು ಧರ್ಮಸಭೆಯೇ ಅರ್ಥಮಾಡಿಕೊಂಡ ಹಾಗೆ ಓದಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಪುನರ್ಜನ್ಮದ ಪ್ರಶ್ನೆಗೆ ಹಿಬ್ರಿಯರಿಗೆ 9:27 ಮತ್ತು ಧರ್ಮೋಪದೇಶ 1013. ಆದರೆ ಹಿಂದೂ ಗೆಳೆಯರಿಗೆ ಬೈಬಲ್ ವಚನ ಪ್ರಮಾಣವಲ್ಲ. ಅಲ್ಲಿ ಕಾರಣ ಹೇಳಿ: ದೇಹ ನಮಗೆ ಕಳಚಿ ಬಿಸಾಡುವ ಬಟ್ಟೆಯಲ್ಲ, ಇದೇ ದೇಹ ಇದೇ ಆತ್ಮ ಕೂಡಿ ಒಬ್ಬ ವ್ಯಕ್ತಿ, ಆದ್ದರಿಂದಲೇ ನಮ್ಮ ನಿರೀಕ್ಷೆ ದೇಹದ ಪುನರುತ್ಥಾನ. ಕೇಳುವವರ ಗ್ರಂಥ, ಅವರ ಕರ್ಮದ ವಿಚಾರ ನಿಮಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಅವರಿಂದಲೇ ಕೇಳಿ ತಿಳಿಯಿರಿ. ಅವರು ಹೇಳದ್ದನ್ನು ಅವರ ಬಾಯಿಗೆ ತುರುಕಿ ಖಂಡಿಸುವುದು ಸಮರ್ಥನೆಯಲ್ಲ.

ಕಪಿಲೆಯ ದಡ

ಕೂಟ ನಡೆಸುವ ಲೆಕ್ಕ: ಒಂದೂವರೆ ಗಂಟೆ ಸಾಕು. ಪ್ರಾರ್ಥನೆ ಮತ್ತು ಆ ದಿನದ ಬೈಬಲ್ ಅಧ್ಯಾಯವನ್ನು ಗಟ್ಟಿಯಾಗಿ ಓದಲು 15 ನಿಮಿಷ. ಧರ್ಮೋಪದೇಶದ ಪರಿಚ್ಛೇದಗಳಿಗೆ 25, ಹತ್ತು ಹನ್ನೆರಡು ಪರಿಚ್ಛೇದಕ್ಕಿಂತ ಹೆಚ್ಚು ಬೇಡ. ಇಬ್ಬರು ಎದುರು ಪಕ್ಷ ವಹಿಸಿ ವಾದಿಸಲು 20. ಅವರು ಮನೆಯಲ್ಲೇ ಪ್ರಾಟೆಸ್ಟೆಂಟರೇ ಬರೆದ ಲೇಖನ ಓದಿ ಬಂದಿರಬೇಕು, ನಮ್ಮವರು ಬರೆದ ಖಂಡನೆಯನ್ನಲ್ಲ. ಉಳಿದ ಅರ್ಧ ಗಂಟೆಯಲ್ಲಿ ಪ್ರತಿಯೊಬ್ಬರೂ 150 ಪದದೊಳಗೆ ಉತ್ತರ ಬರೆದು ಪಕ್ಕದವರಿಗೆ ಕೊಟ್ಟು ತಿದ್ದಿಸಿಕೊಳ್ಳಲಿ. ಬೇರೆ ಪುಸ್ತಕ ತರುವವರು ಮೊದಲ ಪುಟಗಳಲ್ಲಿ ಧರ್ಮಾಧ್ಯಕ್ಷರ ಮುದ್ರಣಾನುಮತಿ ಇದೆಯೇ ನೋಡಲಿ. ವಿಶ್ವಾಸಕ್ಕೆ ವಿರುದ್ಧವಾದದ್ದು ಇಲ್ಲ ಎಂದಷ್ಟೇ ಅದರ ಅರ್ಥ, ಪುಸ್ತಕದ ಪ್ರತಿ ವಾದವೂ ಗಟ್ಟಿ ಎಂದಲ್ಲ.

ಹಳೆಯ ಪುಸ್ತಕ ಓದುವವರಿಗೆ ಒಂದು ಸೂಚನೆ: ಲತೀನ್ ಎಣಿಕೆಯಲ್ಲಿ ಬಹುಪಾಲು ಕೀರ್ತನೆಗಳು ಒಂದು ಸಂಖ್ಯೆ ಹಿಂದಿರುತ್ತವೆ. ‘ದೇವಾ, ನನ್ನನ್ನು ಕರುಣಿಸು’ ಎಂಬ 51ನೆಯದು ಅಲ್ಲಿ 50. ವಚನ ಸಿಗದಿದ್ದರೆ ಮುಂದಿನ ಕೀರ್ತನೆ ನೋಡಿ.

ತೆನೆಹಬ್ಬ

ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದು: ಚರ್ಚೆಯ ನಡುವೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ?

ಹಳೆಯ ಓಲೆ

‘ಗೊತ್ತಿಲ್ಲ, ಓದಿ ಹೇಳುತ್ತೇನೆ’ ಎನ್ನಲಿ, ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಲಿ, ಯಾವ ದಿನ ಉತ್ತರ ತರುತ್ತೇವೆಂದೂ ಹೇಳಲಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುವ 1 ಪೇತ್ರ 3:15 ಅಲ್ಲಿಗೇ ನಿಲ್ಲುವುದಿಲ್ಲ, ವಿನಯದಿಂದಲೂ ಗೌರವದಿಂದಲೂ ಕೊಡಿ ಎನ್ನುತ್ತದೆ. ಗುರುಗಳ ಬಳಿ ಕೇಳಿ, ಅಡಿಟಿಪ್ಪಣಿ ಹುಡುಕಿ, ಹೇಳಿದ ದಿನಕ್ಕೆ ಹಾಳೆಯೊಂದಿಗೆ ಹೋಗಲಿ. ಮೊದಲ ಕೂಟಕ್ಕೆ ಪಾಪನಿವೇದನೆಯ ಹಾಳೆಯನ್ನೇ ಇಟ್ಟುಕೊಳ್ಳಿ: ಪರಿಚ್ಛೇದ 1440ರಿಂದ 1449, ಯೊವಾನ್ನ 20, ಮತ್ತಾಯ 9.